ಸಲಾಮಿಗೆ ಸಲಾಮು ಹೇಳಿದ ಕೊಲೆಗಾರ

ಮಾಸ್ತರಿಕೆ ಮಾಡಿದವರು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಹಾಜರಿ ಕರೆದು ಮುಗಿಸುವಷ್ಟರಲ್ಲಿ ಅದೇ ಬಂದು ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ. ಶಹಾಬಾದಿನ ಒಂದು ಕಾಲೇಜಿನಲ್ಲಿ ನಾನು ಹನ್ನೊಂದು ವರ್ಷ ಭೌತಶಾಸ್ತ್ರ ಹೇಳಿದೆ. ಹೇಳಿದ ಪಾಠ ಈಗ ನನಗೇ ಮರೆತಿದೆ. ಎಂಬತ್ತರ ಆಸುಪಾಸಿನಲ್ಲಿ ನನ್ನ ವಿದ್ಯಾರ್ಥಿಗಳು ತೆಗೆದ ನಾಲ್ಕು ನಿಮಿಷದ ಸಿನಿಮಾ ಮಾತ್ರ ಮರೆತಿಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯ ಇಂಜಿನಿಯರೊಬ್ಬರ ಹತ್ತಿರ ಕೀಲಿ ಕೊಟ್ಟು ಓಡಿಸುವ ಸಣ್ಣ ಸಿನಿಮಾ ಕ್ಯಾಮೆರಾ ಇತ್ತು. ಮಸೂರದ ಪಾಠಕ್ಕೆ ಮಕ್ಕಳಿಗೆ ತೋರಿಸಿ ತಂದುಕೊಡುತ್ತೇನೆಂದು ಕೇಳಲು ಹೋದೆ. ಅವರು ಮೈಸೂರು ಕಡೆಯವರು. "ತೋರಿಸೋದೇನು ಸ್ವಾಮಿ, ಮಕ್ಕಳ ಕೈಲೇ ತೆಗೆಸಿ" ಎಂದು ಒಂದು ರೀಲನ್ನೂ ಜೊತೆಗೆ ಕೊಟ್ಟರು. ಆ ಉಪಕಾರವನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಪಿಯುಸಿಯ ಒಬ್ಬ ಹುಡುಗಿ ನೂರು ಪುಟದ ನೋಟ್‌ಬುಕ್ಕಿನ ತುಂಬ ಒಂದು ಖೂನಿಯ ಕಥೆ ಬರೆದಿಟ್ಟಿದ್ದಳು. ಒಂದು ರೀಲಿಗೆ ಅದರ ಆರಂಭವಷ್ಟೇ ಹಿಡಿಯುತ್ತಿತ್ತು: ಅಪರಿಚಿತನೊಬ್ಬ ರೈಲು ಇಳಿದು, ಟ್ರಂಕು ಹಿಡಿದು ಊರು ದಾಟಿ, ಒಂದು ಒಂಟಿ ಮನೆಯ ಬಾಗಿಲು ಬಡಿಯುತ್ತಾನೆ. ಬಾಗಿಲು ತೆರೆಯುತ್ತದೆ. ಅಲ್ಲಿಗೆ ರೀಲು ಖಲಾಸ್. ಹುಡುಗಿ ಇಂಜಿನಿಯರ ಹತ್ತಿರ ಹೋಗಿ ಎರಡನೇ ರೀಲು ಕೇಳಿದಳು. ಅವರು ನಕ್ಕು, "ನೋಡಿದವರಲ್ಲಿ ಒಬ್ಬರಾದರೂ ಹೆದರಲಿ, ಕೊಡ್ತೀನಿ. ಯಾರೂ ಹೆದರದಿದ್ದರೆ ಕ್ಯಾಮೆರಾ ವಾಪಸ್" ಎಂದರು.

ಅವತ್ತಿನಿಂದ ಆ ಹುಡುಗಿಗೆ ಒಂದೇ ಚಿಂತೆ: ಶಹಾಬಾದಿನಲ್ಲಿ ಅಂಜುವವರು ಯಾರಿದ್ದಾರೆ?

೧. ಕೊಲೆಗಾರ ಸಿಕ್ಕಿದ್ದು

ಕೊಲೆಗಾರನ ಪಾತ್ರಕ್ಕೆ ಹಿಂದಿನ ಬೆಂಚಿನ ಒಬ್ಬ ದಪ್ಪ ಮೀಸೆಯ ಹುಡುಗನನ್ನು ಆರಿಸಿದೆವು. ಮರುದಿನ ಅವನ ತಾಯಿ ಕಾಲೇಜಿಗೇ ಬಂದರು. "ಮಾಸ್ತರ್ರೆ, ನನ್ನ ಮಗ ಖೂನಿ ಮಾಡ್ಯಾನಂತ ಊರಾಗ ಸುದ್ದಿ ಆದ್ರ ಯಾರು ಹೆಣ್ಣು ಕೊಡ್ತಾರ್ರಿ? ಖೂನಿ ಆಗವನ ಪಾರ್ಟ್ ಇದ್ರ ಕೊಡ್ರಿ, ಅದಕ್ಕ ನಂದೇನೂ ತಕರಾರಿಲ್ಲ" ಎಂದರು.

ಕೊನೆಗೆ ಎಲ್ಲರ ಕಣ್ಣು ಬಿದ್ದದ್ದು ನಮ್ಮ ಉರ್ದು ಮಾಸ್ತರರ ಮೇಲೆ. ಆರಡಿ ಎತ್ತರ, ಸುರಮಾ ಹಚ್ಚಿದ ಕಣ್ಣು, ಮೊಳಕಾಲು ಮುಟ್ಟುವ ಕರಿ ಶೇರವಾನಿ. ನೋಟಕ್ಕೆ ಹೀಗೆ, ಮನಸ್ಸು ಮಾತ್ರ ಬೆಣ್ಣೆ. ಹುಡುಗರು ಅಂಜುತ್ತಲೇ ಕೇಳಿದರು. ಅವರು ಗಂಭೀರವಾಗಿ ವಿಚಾರಿಸಿದರು.

"ಖೂನಿ ಯಾರ್ದು ಮಾಡಬೇಕು?"

"ಅದು ಮುಂದಿನ ರೀಲಿನಾಗ ಬರ್ತದ್ರಿ ಸರ್."

"ಅಂದ್ರ ಈ ರೀಲಿನಾಗ ನಾನು ಬೇಗುನಾ, ಏನೂ ತಪ್ಪು ಮಾಡದವ. ನಡೀರಿ, ಬರ್ತೀನಿ."

೨. ನೆಲದ ಮೇಲಿನ ಸಿನಿಮಾ

ಕ್ಯಾಮೆರಾ ಹಿಡಿಯುವ ಮೊದಲು ಪ್ರತಿ ದೃಶ್ಯವನ್ನೂ ಚಿತ್ರ ಬರೆದು ನೋಡಬೇಕೆಂದು ಇಂಜಿನಿಯರು ಹೇಳಿಕೊಟ್ಟಿದ್ದರು. ಅಷ್ಟು ಕಾಗದ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಹುಡುಗರು ಕಾಲೇಜಿನ ಅಂಗಳದ ಶಹಾಬಾದ್ ಫರಸಿಕಲ್ಲಿನ ಮೇಲೆಯೇ ಸುಣ್ಣದ ಕಡ್ಡಿಯಿಂದ ಹನ್ನೆರಡು ಮನೆ ಬರೆದು, ಒಂದೊಂದರಲ್ಲಿ ಒಂದೊಂದು ದೃಶ್ಯ ತುಂಬಿದರು. ಕ್ಯಾಮೆರಾದ ಬದಲಿಗೆ ಒಂದು ಇಟ್ಟಿಗೆ ಹಿಡಿದು ಸಂಜೆಯವರೆಗೆ ತಾಲೀಮು ನಡೆಯಿತು.

ಬೆಳಿಗ್ಗೆ ಬಂದು ನೋಡಿದರೆ ಪಕ್ಕದ ಶಾಲೆಯ ಚಿಕ್ಕ ಹುಡುಗಿಯರು ಬಿಲ್ಲೆ ಎಸೆದು, ನಮ್ಮ ಸಿನಿಮಾದೊಳಗೆ ಒಂಟಿಕಾಲಿನಲ್ಲಿ ಜಿಗಿಯುತ್ತಿದ್ದಾರೆ! ಕಥೆಯ ಹುಡುಗಿ, "ಏಯ್, ಅಲ್ಲಿ ಕೊಲೆಗಾರ ಅದಾನ!" ಎಂದು ಕೂಗಿದಳು. ಅವರಲ್ಲೊಬ್ಬಳು ನಿಂತಲ್ಲೇ ಒಂಟಿಕಾಲಿನಲ್ಲಿ ತಿರುಗಿ, "ಅವ ಔಟ್ ಆದನಕ್ಕಾ" ಎಂದಳು.

೩. ತಹಜೀಬ್

ಚಿತ್ರೀಕರಣ ಏಪ್ರಿಲ್ ತಿಂಗಳಿನಲ್ಲಿ. ಬಿಸಿಲಿಗೆ ಫರಸಿ ಕಾದು ಕಾವಲಿಯಾಗಿತ್ತು. ಉರ್ದು ಮಾಸ್ತರರು ಶೇರವಾನಿಯ ಗುಂಡಿ ಒಂದನ್ನೂ ಬಿಚ್ಚದೆ ಟ್ರಂಕು ಹಿಡಿದು ಸ್ಟೇಷನ್ನಿನಿಂದ ಹೊರಬಂದರು. ಕ್ಯಾಮೆರಾ ಕಿರ್ರೆಂದಿತು.

ಹತ್ತು ಹೆಜ್ಜೆ ಆಗಿಲ್ಲ, ಸೈಕಲ್ ಮೇಲೆ ಬಂದ ಒಬ್ಬ ಇಳಿದು, "ಶರಣ್ರಿ ಸರ್" ಎಂದ. ಕೊಲೆಗಾರ ನಿಂತು, "ಶರಣ್ರಿ, ಮನ್ಯಾಗ ಎಲ್ಲಾ ಆರಾಮೇನು?" ಎಂದರು. ಮುಂದೆ ಒಬ್ಬರು ಸಲಾಮು ಹೇಳಿದರು. ಅದಕ್ಕೂ ಜವಾಬು. ಸ್ಟೇಷನ್ನಿನ ಹಮಾಲ ಓಡಿಬಂದು, "ನೀವ್ಯಾಕ ಹೊರ್ತೀರಿ ಸರ್, ನನ್ನ ಮಗಗ ಪಾಠ ಹೇಳ್ದೋರು" ಎಂದು ಟ್ರಂಕನ್ನೇ ಕಸಿದುಕೊಂಡ. ಚಹಾದಂಗಡಿಯವನು ಕಪ್ಪು ಬಸಿ ಹಿಡಿದು ಅಡ್ಡ ನಿಂತ.

ಹುಡುಗಿಗೆ ಅಳುವೇ ಬಂತು. "ಸರ್, ಯಾರ್ಗೂ ಮಾತಾಡ್ಬ್ಯಾಡ್ರಿ! ನೀವು ಖೂನಿಗಾರ್ರು! ರೀಲು ಓಡಾಕತ್ತದ!"

"ಸಲಾಮಿಗೆ ಜವಾಬ್ ಕೊಡೋ ಮರ್ಯಾದಿ ಬಿಟ್ರ ಹ್ಯಾಂಗವ್ವಾ? ಖೂನಿ ಬ್ಯಾರೆ, ತಹಜೀಬ್ ಬ್ಯಾರೆ."

ಇದ್ದದ್ದು ಒಂದೇ ರೀಲು. ಮತ್ತೆ ತೆಗೆಯುವಂತಿರಲಿಲ್ಲ. ಕೊನೆಯ ದೃಶ್ಯ ತರಗತಿಯ ಇನ್ನೊಬ್ಬ ಹುಡುಗಿಯ ಅಜ್ಜಿಯ ಮನೆಯ ಮುಂದೆ. ಬಾಗಿಲ ಸಂದಿಯಿಂದ ಬಳೆ ತೊಟ್ಟ ಕೈ ಕಾಣಬೇಕು. ಅಜ್ಜಿ "ನಾ ಒಲ್ಲೆ" ಎಂದು ಒಳಗೆ ಹೋಗಿಬಿಟ್ಟರು. ಒಬ್ಬ ಸಪೂರ ಹುಡುಗನ ಕೈಗೇ ಹಸಿರು ಬಳೆ ಏರಿಸಿದೆವು. ಏರಿಸಲು ಎರಡು ನಿಮಿಷ, ಇಳಿಸಲು ಅರ್ಧ ಸಾಬೂನು.

೪. ಯಾರು ಅಂಜಿದರು?

ರೀಲು ಬೊಂಬಾಯಿಗೆ ಹೋಗಿ, ತೊಳೆಸಿಕೊಂಡು ಬರಲು ಒಂದೂವರೆ ತಿಂಗಳು ಹಿಡಿಯಿತು. ಒಂದು ರವಿವಾರ ಮಧ್ಯಾಹ್ನ ಕಾಲೇಜಿನ ಹಾಲಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಪ್ರಿನ್ಸಿಪಾಲರು, ಊರಿನವರು, ಹಿಂದಿನ ಸಾಲಿನಲ್ಲಿ ಹೆಂಗಸರು, ಎಲ್ಲ ಬಂದರು. ಇಂಜಿನಿಯರು ಪ್ರೊಜೆಕ್ಟರಿನ ಪಕ್ಕ ಕೂತರು. ಹುಡುಗಿ ಎಲ್ಲರಿಗೂ ಒಂದೊಂದು ಚೀಟಿ ಹಂಚಿದಳು: "ನೀವು ಎಲ್ಲಿ ಅಂಜಿದಿರಿ? ಯಾಕೆ?" ಕತ್ತಲಿನಲ್ಲಿ ಬರೆಯುವುದು ಹೇಗೆಂದು ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ಪರೀಕ್ಷೆ ಬಾಯಿಮಾತಿನಲ್ಲೇ ನಡೆಯಿತು.

ಪರದೆಯ ಮೇಲೆ ಕೊಲೆಗಾರ ಬಂದ. ಹಾಲೆಲ್ಲ ಚಪ್ಪಾಳೆ.

"ಅಂಜಿಕಿ ಬಂತೇನ್ರಿ?" ಎಂದಳು ಹುಡುಗಿ.

"ಇನ್ನಾ ಇಲ್ಲವ್ವಾ!"

ಕೊಲೆಗಾರ ಸಲಾಮು ಮಾಡಿದ. ಕೂತವರಲ್ಲಿ ಅರ್ಧ ಜನ ಅಭ್ಯಾಸಬಲದಿಂದ ತಿರುಗಿ ಸಲಾಮು ಮಾಡಿದರು. ಕೊಲೆಗಾರ ಚಹಾ ಕುಡಿದ. ಕೊನೆಗೆ ಒಂಟಿ ಮನೆಯ ಮುಂದೆ ನಿಂತು ಬಾಗಿಲು ಬಡಿದ. ಈಗಲಾದರೂ ಜನ "ತಗೀಬ್ಯಾಡ" ಎಂದು ಚೀರಬೇಕು. ಹಾಲಿಗೆ ಹಾಲೇ ಕೂಗಿತು:

"ತಗೀ ಬೇ! ಬಿಸಲಾಗ ಎಷ್ಟೊತ್ತು ನಿಲ್ಬೇಕು ಮಾಸ್ತರ್ರು?"

ಬಾಗಿಲು ತೆರೆಯಿತು. ಹಸಿರು ಬಳೆಯ ಕೈ ಕಂಡಿತು. ರೀಲು ಮುಗಿಯಿತು. ಕಂಬಳಿ ಸರಿಸಿದಾಗ ನೋಡಿದರೆ ಹುಡುಗಿಯ ಕಣ್ಣಲ್ಲಿ ನೀರು. ಒಬ್ಬರೂ ಹೆದರಿರಲಿಲ್ಲ. ನೂರು ಪುಟದ ಕಥೆ ಬಾಗಿಲ ಹೊರಗೇ ನಿಂತುಬಿಟ್ಟಿತೆಂದು ನನಗೂ ಸಂಕಟವಾಯಿತು.

ಆಗ ಹಿಂದಿನ ಸಾಲಿನಿಂದ, ಬುರ್ಖಾದೊಳಗಿಂದ ಒಂದು ಧ್ವನಿ ಬಂತು. ಉರ್ದು ಮಾಸ್ತರರ ಬೇಗಂ.

"ಏಜೀ, ವೋ ಕಿಸ್ಕಾ ಘರ್ ಹೈ?"

ಆ ಮನೆ ಯಾರದು ಎಂಬ ಆ ಪ್ರಶ್ನೆಗೆ ನಮ್ಮೂರಿನಲ್ಲಿ ತರ್ಜುಮೆ ಬೇಕಿರಲಿಲ್ಲ. ಮೊದಲ ಸಾಲಿನಲ್ಲಿದ್ದ ಕೊಲೆಗಾರ ಎದ್ದು ನಿಂತರು. ಮುಖ ಸುಣ್ಣದಂತಾಗಿತ್ತು. ಬಳೆ ತೊಟ್ಟಿದ್ದ ಹುಡುಗನನ್ನು ಎಳೆದು ತಮ್ಮ ಮುಂದೆ ನಿಲ್ಲಿಸಿಕೊಂಡರು. ಸಪೂರ ಹುಡುಗ ತೋಳು ಮೇಲೇರಿಸಿ, "ಖಾಲಾ, ಆ ಬಳಿ ಕೈ ನಂದರಿ! ಅಲ್ಲಾನ ಆಣೆ ನಂದರಿ!" ಎಂದು ಕೂಗಿದ. ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು.

ಇಂಜಿನಿಯರು ಕಣ್ಣೊರೆಸಿಕೊಳ್ಳುತ್ತಾ ಎದ್ದರು. "ಒಬ್ಬರು ಹೆದರಿದರಲ್ಲ, ಸಾಕು" ಎಂದು ಜೇಬಿನಿಂದ ಎರಡನೇ ರೀಲು ತೆಗೆದು ಹುಡುಗಿಯ ಕೈಗಿಟ್ಟರು. ಜೇಬಿನಲ್ಲಿ! ಯಾರು ಹೆದರಿದರೂ ಬಿಟ್ಟರೂ ಕೊಡಲೆಂದೇ ತಂದಿದ್ದರು, ಪುಣ್ಯಾತ್ಮರು. ಅವರಿಗೂ, ಆ ಬಿಸಿಲಿನಲ್ಲಿ ಶೇರವಾನಿ ಬಿಚ್ಚದ ನಮ್ಮ ಉರ್ದು ಮಾಸ್ತರರಿಗೂ ಎಷ್ಟು ಕೈ ಮುಗಿದರೂ ಕಡಿಮೆಯೇ.

ಹುಡುಗಿ ಸೀದಾ ಹಿಂದಿನ ಸಾಲಿಗೆ ಹೋಗಿ ಬೇಗಂ ಅವರ ಕಾಲು ಮುಟ್ಟಿದಳು. "ನಿಮ್ಮಿಂದ ನನ್ನ ಕಥಿ ಉಳೀತ್ರಿ ಅಮ್ಮಾ. ಮುಂದಿನ ರೀಲಿಗೂ ಸರ್‌ನ ಕಳಸ್ರಿ."

ಬೇಗಂ ತೀರ್ಮಾನ ಹೇಳಿದರು:

"ಕಳಸ್ತೀನಿ. ಖೂನಿ ಎಷ್ಟ ಬೇಕಾದ್ರೂ ಮಾಡಸ್ಕೋ ಬೇಟಿ. ಆದ್ರ ಬಾಗಲಾ ಮಾತ್ರ ನಮ್ಮ ಮನೀದೇ ಬಡೀಬೇಕು."