ಸಿಡಿಲಣ್ಣನ ಏಳನೇ ಸಂಚಿಕೆ

ನಾಗಸಂದ್ರದ ಅಶ್ವತ್ಥಮ್ಮನವರು ಇಪ್ಪತ್ತೆರಡು ವರ್ಷದಿಂದ ಚೀಟಿ ನಡೆಸುತ್ತಿದ್ದರು. ಎಲೆಕ್ಷನ್ನು, ಮಳೆ, ಕೊರೊನಾ ಯಾವುದಕ್ಕೂ ನಿಲ್ಲದ ಚೀಟಿ ಅದು. ಅಂಥ ಸಾಮ್ರಾಜ್ಯಕ್ಕೆ ಎರಡು ವರ್ಷದಿಂದ ಸಿಂಹಾಸನವೇ ಇಲ್ಲ. ಕೆಳಗಿನ ತಂಪು ರೂಮಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದ ಹೆಂಗಸರೆಲ್ಲ ಈಗ ಮೆಟ್ಟಿಲ ಮೇಲೆ, ಕೋಳಿಗಳ ಹಾಗೆ ಸಾಲಾಗಿ ಕೂರಬೇಕು. ಕಾರಣ, ಆ ರೂಮಿನಲ್ಲಿ ಮಗ ವಸಂತನ ಕಾಮಿಕ್ಸ್ ಪುಸ್ತಕಗಳು ಎ.ಸಿ. ಹಾಕಿಕೊಂಡು ಮಲಗಿದ್ದವು.

ಓದುವುದಕ್ಕಾದರೆ ಅಶ್ವತ್ಥಮ್ಮನವರಿಗೆ ಬೇಜಾರಿರಲಿಲ್ಲ. ಈ ಪುಸ್ತಕಗಳನ್ನು ಓದುವ ಹಾಗೇ ಇಲ್ಲ! ನಲವತ್ತು ವರ್ಷದ ಹಳೇ ಪುಸ್ತಕವನ್ನು ಯಾರೋ ಪರೀಕ್ಷೆ ಮಾಡುವವರಿಗೆ ಕಳಿಸಬೇಕಂತೆ. ಅವರು ಮಡಿಕೆ, ಕಲೆ, ಪಿನ್ನಿನ ತುಕ್ಕು ಎಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ ಮಾರ್ಕು ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲು ಮಾಡುತ್ತಾರಂತೆ. ಡಬ್ಬಿ ತೆರೆದರೆ ಮಾರ್ಕು ಹೋಯಿತು. (ವಸಂತ ಎಸ್ಸೆಸ್ಸೆಲ್ಸಿಯಲ್ಲಿ ತೆಗೆದ ಮಾರ್ಕಿಗೆ ಯಾರೂ ಡಬ್ಬಿ ಮಾಡಿಸಲಿಲ್ಲ.)

ಆ ಪುಸ್ತಕಗಳ ನಾಯಕ ಸಿಡಿಲಣ್ಣ. ಕೆಂಪು ಚಡ್ಡಿ, ಹಳದಿ ಶಲ್ಯ, ಕಣ್ಣಲ್ಲಿ ಮಿಂಚು. ಒಟ್ಟು ಹನ್ನೆರಡು ಸಂಚಿಕೆ. ಏಳನೆಯದೊಂದು ಸಿಕ್ಕಿರಲಿಲ್ಲ.

"ಅಮ್ಮಾ, ಅದೊಂದು ಸಿಕ್ಬಿಟ್ರೆ ಸೆಟ್ಟು ಪೂರ್ತಿ. ಎಲ್ಲಾನೂ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕ್ತೀನಿ, ರೂಮು ನಿನ್ದೇ," ಎಂದು ವಸಂತ ಆಣೆ ಮಾಡಿದ್ದ.

ಏಳನೆಯದು ಒಂದು ಭಾನುವಾರ ಹರಾಜಿಗೆ ಬಂತು. ಮಧ್ಯಾಹ್ನ ನಾಲ್ಕಕ್ಕೆ, ಫೋನಿನಲ್ಲೇ. ಸರಿಯಾಗಿ ಮೂರೂವರೆಗೆ ವಸಂತನ ಪೀಣ್ಯದ ವರ್ಕ್‌ಶಾಪಿನ ಶೆಡ್ಡಿನಿಂದ ಕರೆ: ಲೇತ್ ಮಿಷನ್ನು ಕೆಟ್ಟು ನಿಂತಿದೆ, ಸೋಮವಾರ ಮಾಲು ಕೊಡಬೇಕು. ವಸಂತ ಬೈಕಿನ ಕೀ ಹುಡುಕುತ್ತಾ ಹೆಂಡತಿಯನ್ನು ಕೇಳಿದ.

"ದಿವ್ಯಾ, ನೀನು ಸ್ವಲ್ಪ ಹರಾಜು ಕೂಗ್ತೀಯಾ?"

"ನಂಗ್ಯಾಕ್ರೀ ಆ ಹುಚ್ಚು? ತಲೆನೋವು, ಮಲಗ್ತೀನಿ. ನಿಮ್ಗೂ ಬೇಡ, ಬಿಟ್ಬಿಡಿ," ಎಂದು ದಿವ್ಯಾ ಮಹಡಿ ಹತ್ತಿದಳು.

ವಸಂತ ತನ್ನ ಹಳೇ ಫೋನನ್ನು ತಾಯಿಯ ಕೈಗಿಟ್ಟ. "ನಮ್ಮ ನಂಬರ್ ಹನ್ನೆರಡು. ಹಸಿರು ಗುಂಡಿ ಒತ್ತಿದ್ರೆ ಎರಡು ಸಾವಿರ ಏರುತ್ತೆ. ನಲವತ್ತು ಸಾವಿರ ದಾಟಿದ್ರೆ ಬಿಟ್ಬಿಡು. ದಿವ್ಯಾಗೆ ಹೇಳ್ಬೇಡ."

"ಓಗ್ಲಾ, ಅರಾಜು ನನಗೆ ಏಳ್ಕೊಡ್ತೀಯಾ?"

ಅಶ್ವತ್ಥಮ್ಮನವರಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿಯೆಂದರೆ ಮಾತ್ರ ಮಾತೃಭಾಷೆ. ನಾಲ್ಕು ಹೊಡೆಯಿತು. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು. ಒಬ್ಬೊಬ್ಬರೇ ಕಳಚಿಕೊಂಡರು. ಮೂವತ್ತರ ಹೊತ್ತಿಗೆ ಕಣದಲ್ಲಿ ಉಳಿದದ್ದು ಇಬ್ಬರೇ: ಹನ್ನೆರಡು ಮತ್ತು ಮೂವತ್ತೊಂಬತ್ತು.

ಅಶ್ವತ್ಥಮ್ಮನವರು ಒತ್ತಿದರು. ಮೂವತ್ತೊಂಬತ್ತೂ ಒತ್ತಿತು. ಅಂಗೈ ಬೆವರಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಮಹಡಿ ಮೇಲೆ ಧಡ್ ಎಂದು ಯಾರೋ ಕಾಲು ಅಪ್ಪಳಿಸಿದ ಸದ್ದು. 'ತಲೆನೋವಿರೋಳು ಯಾಕಿಂಗೆ ಕುಣೀತಾಳೋ' ಎಂದುಕೊಂಡರು.

ಮೂವತ್ತೆಂಟು, ಇವರದು. ನಲವತ್ತು, ಅವರದು. ಮಗನ ಗಡಿ ಮುಗಿಯಿತು. ಪರದೆಯ ಮೇಲೆ ಸೆಕೆಂಡುಗಳು ಇಳಿಯತೊಡಗಿದವು: ಹತ್ತು, ಒಂಬತ್ತು, ಎಂಟು. ಚಾಪೆ, ತಂಪು ರೂಮು, ಗೋಡೆಗೊರಗಿ ಕಾಲು ಚಾಚುವ ಸುಖ, ಎಲ್ಲವೂ ಕಣ್ಣೆದುರೇ ಕೈ ಬಿಟ್ಟು ಹೋಗುತ್ತಿವೆ!

ಆಗ ಇಪ್ಪತ್ತೆರಡು ವರ್ಷದ ಅನುಭವ ತಲೆಯೆತ್ತಿತು. ಚೀಟಿ ಹರಾಜಿನಲ್ಲಿ ಹೆಚ್ಚು ಕೂಗಿದವರು ಅಷ್ಟು ದುಡ್ಡು ಬಿಟ್ಟುಕೊಟ್ಟು ಚೀಟಿ ಎತ್ತಬೇಕು. ಬಿಟ್ಟ ದುಡ್ಡು ಮಿಕ್ಕವರಿಗೆಲ್ಲ ಹಂಚಿಕೆ. ಅವಸರದವರನ್ನು ಮೇಲೆ ಮೇಲೆ ಏರಿಸಿ, ತುದಿಯಲ್ಲಿ ಕೈಬಿಡುವುದರಲ್ಲಿ ಅಶ್ವತ್ಥಮ್ಮನವರನ್ನು ಮೀರಿಸಿದವರಿಲ್ಲ. ಹರಾಜು ಅಂದ ಮೇಲೆ ಹರಾಜೇ ತಾನೆ? ಗೆದ್ದರೆ ರೂಮು, ಸೋತರೆ ಪಾಲು!

ಮೂರು ಸೆಕೆಂಡಿರುವಾಗ ಒತ್ತಿದರು. ಧಡ್! ನಲವತ್ತನಾಲ್ಕು. ಒತ್ತಿದರು. ಧಡ್! ನಲವತ್ತೆಂಟು. ನೀರು ಕುಡಿಯಲೂ ಬಿಡುವಿಲ್ಲ. "ಬಾರಲಾ ಮೂವತ್ತೊಂಬತ್ತು, ಇನ್ನೊಂದು ಮೆಟ್ಲು ಅತ್ತು," ಎಂದು ಹಲ್ಲು ಕಚ್ಚಿದರು. ಐವತ್ತೆಂಟು ಎಂದು ತಮ್ಮದೇ ಅಂಕಿ ಮಿನುಗಿತು. ಎದುರಾಳಿ ಸುಮ್ಮನಿದ್ದಾನೆ. ಐದು, ನಾಲ್ಕು, ಮೂರು... ಅಯ್ಯೋ, ಮಗ ಮನೆ ಬಿಟ್ಟು ಓಡಿಸುತ್ತಾನೆ! ಎರಡು... ಅರವತ್ತು! ಮೂವತ್ತೊಂಬತ್ತು ಕೂಗಿಬಿಟ್ಟಿತು.

ಅಶ್ವತ್ಥಮ್ಮನವರು ಫೋನನ್ನು ಕೆಂಡದಂತೆ ಕೆಳಗಿಟ್ಟರು. ರೂಮು ಹೋಯಿತು. ಹೋಗಲಿ, ಆ ಬಡ್ಡೀಮಗನಿಗೆ ಸರಿಯಾಗಿ ಬಿತ್ತಲ್ಲ! ನಮ್ಮ ಪಾಲಿಗೆ ಎಷ್ಟು ಬರುತ್ತದೋ ಎಂದು ಬೆರಳು ಮಡಿಸತೊಡಗಿದರು.

ಆಗ ಮಹಡಿಯಿಂದ ದಿವ್ಯಾ ದಡದಡ ಇಳಿದು ಬಂದಳು. ಮುಖವೆಲ್ಲ ಕೆಂಪು, ಕಣ್ಣಲ್ಲಿ ಮಿಂಚು, ಥೇಟ್ ಸಿಡಿಲಣ್ಣ.

"ಅತ್ತೇ! ಏಳನೇದು ನಾನೇ ತಗೊಂಡ್ಬಿಟ್ಟೆ! ಮದುವೆಯಾದ ದಿನಕ್ಕೆ ಅವ್ರಿಗೆ ಕೊಡೋಣಾಂತ ಒಂದು ವರ್ಷದಿಂದ ಕೂಡಿಟ್ಟಿದ್ದೆ. ಮೂವತ್ತಕ್ಕೇ ಬರ್ತಿತ್ತು, ಯಾವನೋ ಹನ್ನೆರಡನೇ ನಂಬರಿನ ದರಿದ್ರದೋನು ಅರವತ್ತಕ್ಕೆ ಏರಿಸ್ದ! ಅವನ ಕೈ ಸೇದೋಗ!"

ಅಶ್ವತ್ಥಮ್ಮನವರು ಕೈಯನ್ನು, ಫೋನಿನ ಸಮೇತ, ಸೆರಗಿನೊಳಗೆ ಎಳೆದುಕೊಂಡರು. "ಅಂಗೆಲ್ಲಾ ಶಾಪ ಆಕ್ಬಾರ್ದು ಕಣವ್ವಾ. ಪಾಪ, ಅವ್ನಿಗೇನು ಕಷ್ಟವೋ," ಎಂದರು.

ಸಂಜೆ ವಸಂತ ಗ್ರೀಸು ಮೆತ್ತಿದ ಕೈಯಲ್ಲೇ ಸುದ್ದಿ ಕೇಳಿದ. ತಾಯಿಯ ಮುಖ ನೋಡಿದ. ತಾಯಿ ಫ್ಯಾನು ನೋಡಿದರು. ಅವನು ಬಾಯಿ ತೆರೆದು, ಹೆಂಡತಿಯ ಕಣ್ಣು ಕಂಡು, ಮುಚ್ಚಿಕೊಂಡ. ಆಮೇಲೆ ನಿಧಾನವಾಗಿ ಅವನ ಮುಖ ಬೆಳಗಿತು.

"ಏಳನೇದಕ್ಕೇ ಅರವತ್ತು ಅಂದ್ರೆ ಪೂರ್ತಿ ಸೆಟ್ಟಿಗೆ ಏನಾಯ್ತು ಲೆಕ್ಕ ಹಾಕಮ್ಮಾ! ಇದನ್ನ ಅಟ್ಟಕ್ಕೆ ಹಾಕೋದುಂಟಾ? ಗಾಜಿನ ಬೀರು ಮಾಡಿಸ್ಬೇಕು. ರೂಮಿಗೆ ಬೀಗ, ಕ್ಯಾಮೆರಾ. ಎ.ಸಿ. ಆರಿಸೋ ಹಾಗೇ ಇಲ್ಲ."

ಮುಂದಿನ ಚೀಟಿಯೂ ಮೆಟ್ಟಿಲ ಮೇಲೆಯೇ ನಡೆಯಿತು. ಕೈ ಖಾಲಿಯಾಗಿದ್ದ ದಿವ್ಯಾ ಮೊದಲ ಬಾರಿ ಕೂಗಲು ಬಂದು ಕೂತಳು.

"ಐನೂರು ಬಿಟ್ಟೆ," ಎಂದಳು.

ಹೆಂಗಸರೆಲ್ಲ ಅಶ್ವತ್ಥಮ್ಮನವರ ಕಡೆ ತಿರುಗಿದರು. ಮುನಿಯಕ್ಕ ಮೊಣಕೈಯಿಂದ ತಿವಿದಳು. "ಏರ್ಸಕ್ಕಾ! ಇದೇನ್ ಸುಮ್ಕೆ ಕುಂತಿದ್ದೀಯಾ?"

"ಮಗೀಗೆ ಓಗ್ಲಿ ಬಿಡ್ರೇ," ಎಂದು ಅಶ್ವತ್ಥಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಕೂಗಿಗೇ ಹರಾಜು ಮುಗಿದದ್ದು ಅವತ್ತೇ.

ದಿವ್ಯಾ ಅತ್ತೆಯ ಪಕ್ಕದ ಮೆಟ್ಟಿಲಿಗೆ ಸರಿದು ಕೂತು, ಮೆತ್ತಗೆ ಹೇಳಿದಳು. "ಆ ಹನ್ನೆರಡನೇ ನಂಬರಿನವರಿಗೂ ಈ ಬುದ್ಧಿ ಅವತ್ತೇ ಬಂದಿದ್ರೆ, ನೀವು ಇಷ್ಟೊತ್ತಿಗೆ ಚಾಪೆ ಮೇಲೆ ಕೂತಿರ್ತಿದ್ರಿ ಅಲ್ವಾ ಅತ್ತೆ?"