ಸೋಪಿನ ಡಬ್ಬಿಯ ಗರ್ಜನೆ

ಇರುವುದರಲ್ಲಿ ತೃಪ್ತಿಪಡಬೇಕು ಎಂದು ಉಪದೇಶ ಮಾಡುವವರು ಯಾರೂ ಎಲೆಕ್ಟ್ರಿಕ್ ಗಿಟಾರ್ ನುಡಿಸಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೊಂಬತ್ತರ ದಶಕದಲ್ಲಿ ನಾನು ಹಗಲು ಮಂಡಿ ಮೊಹಲ್ಲಾದ ಸಕ್ಕರೆ ಅಂಗಡಿಯಲ್ಲಿ ಗುಮಾಸ್ತ, ಸಂಜೆ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ನನ್ನ ಗಿಟಾರಿನದು ಬಹಳ ಸಾತ್ವಿಕ ಸ್ವಭಾವ. ಸಿನಿಮಾ ಹಾಡಿನಲ್ಲಿ ನಾಯಕ ಬೈಕ್ ಏರಿ ಬರುವಾಗ ಹುಲಿಯ ಹಾಗೆ ಗರ್ಜಿಸುವ ಗಿಟಾರ್, ನನ್ನ ಕೈಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಗರ್ಜನೆಗೆ ಪೆಡಲ್ ಬೇಕು. ಅಂದರೆ ಗಿಟಾರಿಗೂ ಸ್ಪೀಕರಿಗೂ ನಡುವೆ ಕಾಲಬುಡದಲ್ಲಿಟ್ಟು ತುಳಿಯುವ ಪುಟ್ಟ ಪೆಟ್ಟಿಗೆ. ಅದು ನಮ್ಮೂರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. "ಬೆಂಗಳೂರಲ್ಲಿ ಒಬ್ಬನ ಹತ್ರ ಫಾರಿನ್ ಪೆಡಲ್ ಐತೆ ಕಣಯ್ಯಾ ಮಾದೇವು. ಲಕ್ಷ್ಮೀಪುರಂ ರಿಸೆಪ್ಶನ್ ಒಂದು ನೋಡ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಅವನನ್ನೇ ಕರಸ್ಬುಡ್ತೀನಿ" ಎಂದು ಆರ್ಕೆಸ್ಟ್ರಾದ ಯಜಮಾನ ನಾಗಣ್ಣ ಹೇಳಿಯೇಬಿಟ್ಟರು.

ನಾನು ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು ಕುಂಬಾರಕೊಪ್ಪಲಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾರ್ಖಾನೆ ತೆರೆದೆ. ಬೆಸುಗೆ ಹಾಕಲು ಕಲಿತೆ. ಅದಕ್ಕೂ ಮೊದಲು ಬೆರಳು ಸುಟ್ಟುಕೊಳ್ಳಲು ಕಲಿತೆ. ಒಂದು ಬೆಳಿಗ್ಗೆ ಹೆಂಡತಿ ಗಿರಿಜಾ ಉಪ್ಪಿಟ್ಟಿನಲ್ಲಿ ಸಿಕ್ಕ ತಂತಿಯ ಚೂರನ್ನು ಎತ್ತಿ ಹಿಡಿದು, "ರೀ, ಇದು ಕರಿಬೇವಿನ ಕಡ್ಡಿ ಅಲ್ಲ ಕಣ್ರೀ" ಎಂದಳು. ಕೊನೆಗೂ ಎಲ್ಲವನ್ನೂ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಯೊಳಗೆ ತುರುಕಿ, ಸ್ವಿಚ್ಚು ತುಳಿದು ತಂತಿ ಮೀಟಿದೆ. ಸ್ಪೀಕರ್ ಗುಡುಗಿತು! ಗಿರಿಜಾ ಸೌಟು ಹಿಡಿದೇ ಓಡಿಬಂದಳು. ಬೈಯುತ್ತಾಳೆಂದುಕೊಂಡರೆ, "ಇನ್ನೊಂದ್ಸಲ ಮೀಟಿ" ಎಂದಳು. ಆಮೇಲೆ ಸ್ವಿಚ್ಚನ್ನು ತಾನೇ ತುಳಿದಳು. ಆ ದಿನ ಸಾರು ಸೀದುಹೋಯಿತು, ಇಬ್ಬರೂ ಸಂತೋಷವಾಗಿ ಉಂಡೆವು.

ರಿಸೆಪ್ಶನ್ನಿನಲ್ಲಿ ಮೊದಲ ಹಾಡಿಗೇ ಹುಲಿ ಗರ್ಜಿಸಿತು. ನಾಗಣ್ಣ ಹಾಡುತ್ತಲೇ ನನ್ನತ್ತ ತಿರುಗಿ ಹುಬ್ಬು ಹಾರಿಸಿದರು. ಹಾಡು ಮುಗಿಯಿತು, ಚಪ್ಪಾಳೆಯೂ ನಿಂತಿತು. ಆ ಮೌನದಲ್ಲಿ ನನ್ನ ಸ್ಪೀಕರಿನಿಂದ ಗಂಭೀರವಾದ ಗಂಡು ಧ್ವನಿಯೊಂದು ಕೇಳಿಬಂತು: "ರೈತ ಬಾಂಧವರೇ, ತೆಂಗಿನ ಸುಳಿ ಕೊಳೆಯಲು ಮುಖ್ಯ ಕಾರಣ..." ನನ್ನ ಸೋಪಿನ ಡಬ್ಬಿ ರೇಡಿಯೊದ ಕೃಷಿ ಕಾರ್ಯಕ್ರಮವನ್ನು ಗಾಳಿಯಿಂದಲೇ ಹಿಡಿದುಬಿಟ್ಟಿತ್ತು. ತುಳಿದೆ. ಮತ್ತೆ ತುಳಿದೆ. ಸ್ವಿಚ್ಚು ಸಿಕ್ಕಿಹಾಕಿಕೊಂಡಿತ್ತು. ಸಭೆಯೆಲ್ಲ ಘೊಳ್ಳೆಂದಿತು. ನಾಗಣ್ಣನ ಮುಖದಲ್ಲಿ ಬೆಂಗಳೂರು ಸ್ಪಷ್ಟವಾಗಿ ಕಂಡಿತು. ನಾನು ವೈರು ಕೀಳಲು ಬಗ್ಗಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮದುಮಗಳ ತಾತ ಎದ್ದು ನಿಂತು ಕೈಯೆತ್ತಿದರು. "ಏಯ್, ಇರಪ್ಪಾ, ಕೀಳ್ಬ್ಯಾಡ! ನಮ್ ತೋಟಕ್ಕೂ ಅದೇ ಕಾಯ್ಲೆ ಬಂದೈತೆ. ಔಸ್ದಿ ಏನು ಅಂತ ಏಳ್ಲಿ!"

ಮದುಮಗಳ ತಾತನ ಮಾತಿಗೆ ಎದುರಾಡುವವರು ಯಾರು? ವಧೂವರರು, ಬಂಧುಗಳು, ಆರ್ಕೆಸ್ಟ್ರಾ, ಎಲ್ಲರೂ ಸುಳಿ ಕೊಳೆ ರೋಗದ ಪರಿಹಾರವನ್ನು ಭಕ್ತಿಯಿಂದ ಕೇಳಿದೆವು. ಕಾರ್ಯಕ್ರಮ ಮುಗಿದಾಗ ಬಿದ್ದ ಚಪ್ಪಾಳೆ ನಮ್ಮ ಯಾವ ಹಾಡಿಗೂ ಬಿದ್ದಿರಲಿಲ್ಲ. ಊಟದ ಹೊತ್ತಿಗೆ ತಾತ ನಾಗಣ್ಣನ ಹೆಗಲು ತಟ್ಟಿ, "ಕಿರಿಯವಳ ಮದ್ವೆಗೂ ನೀವೇ ಬರ್ಬೇಕು. ಈ ರೇಡಿಯೊ ಸ್ವಾಮಿನೂ ಕರ್ಕಂಡು ಬಾ" ಎಂದರು. ಬೆಂಗಳೂರಿನ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದು ಪತ್ರಿಕೆ ತೆರೆದರೆ, ನಾನು ತಿರುವಿಯೇ ನೋಡದ ಮುಂದಿನ ಪುಟದಲ್ಲಿ "ಲೋಹದ ಪೆಟ್ಟಿಗೆಯನ್ನೇ ಬಳಸಿ, ಇಲ್ಲವಾದರೆ ರೇಡಿಯೊ ಕೇಳಿಸಬಹುದು" ಎಂದಿತ್ತು. ಗಿರಿಜಾ ತನ್ನ ಸ್ಟೀಲ್ ಡಬ್ಬಿಯೊಂದನ್ನು ತೊಳೆದು, ಒರೆಸಿ ಕೊಟ್ಟಳು.

ಅಲ್ಲಿಂದ ಹುಚ್ಚು ಹೆಚ್ಚಿತು. ಸ್ವರ ಒರಟಾಗಿಸುವ ಡಬ್ಬಿ, ಅಲೆಅಲೆಯಾಗಿಸುವ ಡಬ್ಬಿ, ಬಾವಿಯೊಳಗಿಂದ ಬಂದಂತೆ ಮಾರ್ದನಿಸುವ ಡಬ್ಬಿ. ಊರಿನ ಗಿಟಾರಿನವರೆಲ್ಲ ಡಬ್ಬಿ ಮಾಡಿಸಿಕೊಳ್ಳಲು ಮನೆಗೆ ಬರತೊಡಗಿದರು. ಅಡುಗೆಮನೆಯಲ್ಲಿ ಡಬ್ಬಿಗಳು ಕಡಿಮೆಯಾದಂತೆ ನನ್ನ ಕೀರ್ತಿ ಹೆಚ್ಚಾಯಿತು. ಎಲ್ಲರ ಮೊಬೈಲುಗಳೂ ರಿಂಗಣಿಸತೊಡಗಿದ್ದ ಕಾಲದಲ್ಲಿ ಒಂದು ದಿನ ನಾಗಣ್ಣ ಫೋನು ಮಾಡಿ, "ಮಾದೇವು, ದೊಡ್ಡ ಪ್ರೋಗ್ರಾಮ್ ಐತೆ. ನೀನಿಲ್ದೆ ಆಗಲ್ಲ" ಎಂದರು. ನನಗೆ ಎದೆ ಉಬ್ಬಿತು. "ಯಾವ್ಯಾವ ಹಾಡು ಅಣ್ಣ? ಪ್ರಾಕ್ಟೀಸ್ ಮಾಡ್ಕೊಳ್ತೀನಿ" ಎಂದೆ.

"ಅಯ್ಯೋ, ನುಡ್ಸೋಕೆ ಬೇರೆಯವ್ರು ಅವ್ರೆ ಕಣಯ್ಯಾ. ಪೆಡಲ್ ಕೆಟ್ರೆ ಪಕ್ದಲ್ಲಿ ನೀನಿರು, ಸಾಕು."

ಒಂದು ಕ್ಷಣ ಅವಮಾನವಾಯಿತು ಎಂದುಕೊಂಡೆ. ಆದರೆ ಕಾರ್ಯಕ್ರಮದ ದಿನ, ಗಿಟಾರನ್ನು ಮನೆಯ ಗೋಡೆಗೆ ಒರಗಿಸಿ, ಅದರ ಚೀಲದಲ್ಲಿ ಬೆಸುಗೆಯ ಸಾಮಾನು ತುಂಬಿಕೊಂಡು, ಎಲ್ಲರಿಗಿಂತ ಮೊದಲೇ ಹೋಗಿ ವೇದಿಕೆಯ ಪಕ್ಕ ಕೂತೆ. ಹಾಡುಗಳು ಅದ್ಭುತವಾಗಿದ್ದವಂತೆ. ಯಾವುದಾದರೂ ಡಬ್ಬಿ ಕೆಡಲಿ ದೇವರೇ ಎಂದು ಬೇಡಿಕೊಳ್ಳುವ ಭರದಲ್ಲಿ ನಾನು ಒಂದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.