ಎರಡೂವರೆ ಮೀಟರಿನ ಸುಳ್ಳು

ಅಳತೆರಾಯರಿಗೆ ಆ ಹೆಸರು ಅಂಟಿದ್ದು ಕೆಲಸದಿಂದ. ನಗರಸಭೆಯ ಪರವಾಗಿ ಮರಗಳ ಎತ್ತರ ಅಳೆಯುವುದೇ ಅವರ ಉದ್ಯೋಗ. ಮರ ಉರುಳಿದರೆ ತುದಿ ಯಾರದಾದರೂ ಗೋಡೆಗೆ ತಾಗುವಂತಿದ್ದರೆ ಕಡಿಯಬೇಕು, ಇಲ್ಲದಿದ್ದರೆ ಉಳಿಸಬೇಕು. ಅಂಗೈಯಗಲದ ಲೇಸರ್ ಯಂತ್ರ ಹೇಳಿದ್ದೇ ಅಂತಿಮ ತೀರ್ಪು. ವಶೀಲಿಗಾಗಲಿ ಕಣ್ಣೀರಿಗಾಗಲಿ ರಾಯರು ಒಂದು ಸೆಂಟಿಮೀಟರ್ ಕೂಡ ಬಗ್ಗಿದವರಲ್ಲ. (ಮನೆಯೊಳಗೆ ಬಗ್ಗುತ್ತಿದ್ದ ಲೆಕ್ಕ ಬೇರೆ.)

ಇಂಥವರ ಹಿತ್ತಿಲ ಮರದ ಮೇಲೆಯೇ ಪಕ್ಕದ ಮನೆಯ ಮೇಷ್ಟ್ರು ದೂರು ಕೊಟ್ಟರು. ಮೇಷ್ಟ್ರ ಗೋಡೆ ಮರದಿಂದ ಹದಿಮೂರು ಮೀಟರ್ ದೂರ. ಮರ ಹದಿನೈದಕ್ಕೆ ಕಡಿಮೆಯಿಲ್ಲವೆಂದು ರಾಯರಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು.

ಅಂದಿನಿಂದ ಹೆಂಡತಿಯ ಮಾತು ನಿಂತುಹೋಯಿತು. ಮದುವೆಯಾದಾಗಿನಿಂದ ಮೌನಕ್ಕೆ ಹಂಬಲಿಸಿದ್ದ ರಾಯರಿಗೆ ಅದು ಸಿಕ್ಕಾಗ ಸಹಿಸಲಾಗಲಿಲ್ಲ. ಮಗಳು ಉಯ್ಯಾಲೆಯಾಡಿದ ಮರ, ತಾಯಿಗೆ ಸಂಕಟವಾಗದೆ ಇರುತ್ತದೆಯೇ ಎಂದುಕೊಂಡರು.

ಅಳತೆಯ ದಿನ ಮೇಷ್ಟ್ರು ಸಾಕ್ಷಿಗೆ ಬಂದು ನಿಂತರು. ಯಂತ್ರದ ಕೆಂಪು ಚುಕ್ಕಿ ಮೊದಲು ಕಾಂಡಕ್ಕೆ ಬಡಿದು ದೂರ ತಿಳಿಯಬೇಕು. ಆಮೇಲೆ ಬುಡಕ್ಕೊಮ್ಮೆ, ತುದಿಗೊಮ್ಮೆ ಗುರಿಯಿಟ್ಟರೆ ಎತ್ತರ ತಾನಾಗಿ ಮೂಡುತ್ತದೆ. ರಾಯರು ಗುರಿ ಹಿಡಿದರು. ಹೆಂಡತಿ ಕಾಂಡದ ಮೇಲೆ ಕೈಯಿಟ್ಟು ಇವರನ್ನೇ ನೋಡುತ್ತಿದ್ದಳು. ಮರಕ್ಕಿಂತ ಈಚೆಗೆ ಹಗ್ಗದ ಮೇಲೆ ಹೊದಿಕೆ ಒಣಗುತ್ತಿತ್ತು. ರಾಯರ ಕೈ ತುಸುವೇ ಸರಿಯಿತು. ಚುಕ್ಕಿ ಕಾಂಡ ಬಿಟ್ಟು ಹೊದಿಕೆಯ ಮೇಲೆ ಕೂತಿತು. ದೂರ ಕಡಿಮೆ ಬಂತು, ಅದರ ಲೆಕ್ಕದಲ್ಲಿ ಮರವೂ ಕುಗ್ಗಿತು.

“ಹನ್ನೆರಡೂವರೆ,” ಎಂದರು.

ಮೇಷ್ಟ್ರು ಯಂತ್ರದಲ್ಲಿ ಮೂಡಿದ ಅಂಕಿ ಇಣುಕಿ ನೋಡಿ, ರಾಯರ ಪ್ರಾಮಾಣಿಕತೆಯನ್ನು ಹೊಗಳಿ (ಅದು ಬೇರೆ ಚುಚ್ಚಿತು) ಹೊರಟರು.

ಜನ್ಮದಲ್ಲಿ ಮೊದಲ ಸಲ ಸುಳ್ಳು ಅಳತೆ ಕೊಟ್ಟೆ, ಅದೂ ನಿನಗೋಸ್ಕರ ಎಂದು ರಾಯರು ಹೆಂಡತಿಯ ಕಿವಿಯಲ್ಲಿ ಉಸುರಿದರು. ಆಕೆ ಸೊಂಟಕ್ಕೆ ಕೈಯಿಟ್ಟು ಅಲ್ಲೇ ಕೂತಳು.

“ನನಗೋಸ್ಕರಾನಾ? ದಿನಾ ಈ ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿದೆ ಕಣ್ರೀ. ಕಡೀತಾರಲ್ಲಾ ಅಂತ ಒಳಗೊಳಗೇ ಖುಷಿಯಾಗಿತ್ತು. ಬಾಯಿ ಬಿಟ್ರೆ ಗೊತ್ತಾಗಿಬಿಡುತ್ತೆ, ನೀವು ನೊಂದ್ಕೋತೀರ ಅಂತ ಸುಮ್ಮನಿದ್ದೆ.”

“ನಾನ್ಯಾಕೆ ನೊಂದ್ಕೋಬೇಕು?”

“ಮರ ಅಂದ್ರೆ ನಿಮಗೆ ಪ್ರಾಣ ಅಲ್ವಾ?”

ಮರವೆಂದರೆ ರಾಯರಿಗೆ ಆಫೀಸಿನ ಕೆಲಸ, ಅಷ್ಟೇ. ಹಾಗೆಂದು ಹೇಳುವ ಬದಲು ಹೆಂಡತಿಯನ್ನು ಕೈಹಿಡಿದು ಎಬ್ಬಿಸಿದರು.

ಆ ರಾತ್ರಿ ಮೇಷ್ಟ್ರ ಗೋಡೆಯ ಚಿಂತೆಯಲ್ಲಿ ರಾಯರಿಗೆ ನಿದ್ದೆ ಹತ್ತಲಿಲ್ಲ. ಹನ್ನೆರಡೂವರೆ ಎಂದು ತೀರ್ಪು ಕೊಟ್ಟ ಮೇಲೆ ಮರವನ್ನು ಪೂರ್ತಿ ಕಡಿಸುವಂತೆಯೂ ಇರಲಿಲ್ಲ. ಮರ ಹತ್ತುವವನನ್ನು ಕರೆಸಿ ತುದಿಯಿಂದ ಎರಡೂವರೆ ಮೀಟರ್ ಕಡಿಸಿದರು. ಹೊದಿಕೆ ತೆಗೆಸಿ ಮತ್ತೆ ಅಳೆದರು: ಹನ್ನೆರಡೂವರೆ. ಸುಳ್ಳು ನಿಜವಾಯಿತು.

ಎಲೆ ಮಾತ್ರ ಮೊದಲಿನಷ್ಟೇ ಉದುರುತ್ತದೆ. ಈಗ ಬೆಳಿಗ್ಗೆ ಗುಡಿಸುವವರು ರಾಯರು. ಆಕೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಆಗಾಗ ಬೆರಳು ತೋರಿಸುತ್ತಾಳೆ.

“ಅಲ್ಲೊಂದು ಬಿಟ್ರಿ ನೋಡಿ.”